ಜಪಾನಿನ ಸಿಹಿ ಪುಡಿ

ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ 2019ರ ಮಾರ್ಚ್ ತಿಂಗಳು ನಾನು ಆಡಿದ ಮಾತೊಂದನ್ನು ಹಿಂತೆಗೆದುಕೊಳ್ಳುವ ಸಲುವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಅಂದು ಸಭೆಯಲ್ಲಿದ್ದ ಭಕ್ತಾದಿಗಳಲ್ಲಿ ಕೆಲವರು ಇಂದಿಗೂ ಹಾದಿಯಲ್ಲಿ ಎದುರಾದಾಗ, "ಮೇಷ್ಟ್ರೇ, ಆ ಜಪಾನಿನ ಔಷಧಿ ಎಲ್ಲಿ ಸಿಗುತ್ತದೆ?" ಎಂದು ಕೇಳುವುದುಂಟು. ಕಳೆದ ಜಾತ್ರೆಗೆ ಕೊಟ್ಟೂರಿನಿಂದ ಬಂದಿದ್ದ, ಪ್ರಸಾದ ನಿಲಯದಲ್ಲಿ ನನ್ನೊಡನೆ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದ ಹಿರಿಯ ಗೆಳೆಯರೊಬ್ಬರು ತಮ್ಮ ಮನೆಯವರ ಮಂಡಿನೋವಿಗೂ ಅದು ಆದೀತೇ ಎಂದು ವಿಚಾರಿಸಿದರು. ನಾನು ಏನೋ ಹೇಳಿ ಜಾರಿಕೊಂಡೆನು. ಮನೆಗೆ ಬಂದ ಮೇಲೆ ನಿದ್ರೆ ಹತ್ತಲಿಲ್ಲ. ಗೋಷ್ಠಿಗೆ ಬಂದವರು ನೂರು ಜನರಿದ್ದರೆ ಈ ಪತ್ರಿಕೆಯನ್ನು ಓದುವವರು ಅದಕ್ಕಿಂತ ಹೆಚ್ಚು. ಆದುದರಿಂದ ಇಲ್ಲಿಯೇ ಬರೆಯುವುದು ಯೋಗ್ಯವೆಂದು ತೋರಿತು.

ನನ್ನ ಅಕ್ಕನ ಮಗನು ಇಂಜಿನಿಯರನಾಗಿ ಜಪಾನ್ ದೇಶದ ನಗೋಯಾ ನಗರದಲ್ಲಿ ಉದ್ಯೋಗದಲ್ಲಿರುವನು. ಆ ವರ್ಷ ಭರತ ಹುಣ್ಣಿಮೆಯ ಹೊತ್ತಿಗೆ ರಜೆಯ ಮೇಲೆ ಬಂದು, ಮೈಲಾರದ ಕಾರ್ಣಿಕವನ್ನು ಕೇಳಿಕೊಂಡು, ನಮ್ಮ ಮನೆಯಲ್ಲಿ ಎಂಟು ದಿನ ತಂಗಿದ್ದನು. ಆಗ ನಮ್ಮ ತಾಯಿಯವರಿಗೆ 84 ವರ್ಷ. ಹಗಲೆಲ್ಲ ಚಟುವಟಿಕೆಯಿಂದಲೇ ಇರುತ್ತಿದ್ದರು. ಹಡಗಲಿಯ ಮನೆಗಳಲ್ಲಿ ವಯಸ್ಸಾದ ಹೆಂಗಸರು ಕೈಕಟ್ಟಿ ಕುಳಿತುಕೊಳ್ಳುವ ಪದ್ಧತಿ ಇಲ್ಲವಷ್ಟೆ. ಮಲ್ಲಿಗೆಯ ಮೊಗ್ಗು ಬರುವ ಕಾಲದಲ್ಲಿ ಮುಂಜಾನೆ ಮೊರದ ತುಂಬ ಮೊಗ್ಗು ಇಟ್ಟುಕೊಂಡು ಅವ್ವ ಕಟ್ಟಲು ಕುಳಿತರೆಂದರೆ, ಸೊಸೆಯಂದಿರು ಇಬ್ಬರೂ ಸೇರಿ ಒಂದು ಮೊಳ ಕಟ್ಟುವಷ್ಟರಲ್ಲಿ ಅವರದು ಎರಡು ಮೊಳವಾಗಿರುತ್ತಿತ್ತು. ಆದರೆ ರಾತ್ರಿಯಾಯಿತೆಂದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡನೆಯ ಜಾವದಲ್ಲಿ "ಯಪ್ಪಾ, ಕಾಲು ಸೆಳೀತೈತಿ" ಎಂದು ಎದ್ದು ಕುಳಿತುಬಿಡುವರು. ಹತ್ತು ವರ್ಷಗಳ ಈ ಬೇನೆಗೆ ಮಾಡದ ಉಪಚಾರವಿರಲಿಲ್ಲ. ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರು ಹಾಕಿದ್ದಾಯಿತು, ಹರಕೆ ಹೊತ್ತದ್ದೂ ಆಯಿತು.

ಅಳಿಯನು ತನ್ನ ಚೀಲದಿಂದ ಬೆರಳುದ್ದದ ಬೆಳ್ಳಿ ಬಣ್ಣದ ಪೊಟ್ಟಣವೊಂದನ್ನು ತೆಗೆದು, "ಅಜ್ಜೀ, ಇದನ್ನೊಂದು ಬಾಯಿಗೆ ಹಾಕಿಕೋ. ಓಡುವಾಗ ನನಗೂ ಹಿಂಗೇ ಆಗತಿತ್ತು" ಎಂದನು. ಕಂದು ಬಣ್ಣದ ಹರಳುಪುಡಿ. ಅವ್ವ ನಾಲಗೆಯ ಮೇಲಿಟ್ಟುಕೊಂಡು ಮುಖ ಅರಳಿಸಿ, "ಇದು ಜೇಷ್ಟಮಧು ಅಲ್ಲೇನೋ!" ಎಂದರು. ನಿಜವೇ. ಅದರಲ್ಲಿದ್ದುದು ಎರಡೇ ವಸ್ತುಗಳು: ನಮ್ಮ ಸೀಮೆಯಲ್ಲಿ ಕಾಣದ ಒಂದು ಹೂಗಿಡದ ಬೇರು, ಮತ್ತು ಅದರ ಸಮತೂಕದ ಜ್ಯೇಷ್ಠಮಧು. ಆ ರಾತ್ರಿ ಸೆಳೆತ ಬಂದಿತು. ಆದರೆ ಐದು ನಿಮಿಷಗಳಲ್ಲಿ ಬಿಟ್ಟಿತು. ಮರುರಾತ್ರಿ ಅವ್ವ ನಿದ್ರೆಯಿಂದ ಏಳಲೇ ಇಲ್ಲ. ಹತ್ತು ವರ್ಷಗಳ ತರುವಾಯ ತಾಯಿಯು ಬೆಳಗಿನವರೆಗೆ ಮಲಗಿದ್ದನ್ನು ಕಂಡ ಮಗನಿಗೆ ಏನಾಗುವುದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ವೈದ್ಯಪದ್ಧತಿಗೆ ಅಲ್ಲಿ ಕಂಪೋ ಎಂದು ಹೆಸರು. 'ಕಾನ್' ಎಂದರೆ ಚೀನಾದ ಹಾನ್ ಮನೆತನ. ಅಲ್ಲಿಂದ ಬಂದ ಪದ್ಧತಿಯೆಂದು ಅರ್ಥ. ಅಳಿಯನು ಅಲ್ಲಿನ ವೈದ್ಯರ ಬಳಿಗೆ ಹೋದ ಬಗೆಯನ್ನು ಸ್ವಾರಸ್ಯವಾಗಿ ವರ್ಣಿಸಿದನು. ಕಾಲುನೋವೆಂದು ಹೋದವನನ್ನು ಅಂಗಾತ ಮಲಗಿಸಿ, ಕಾಲು ನೀಡಿಸಿ, ಹೊಟ್ಟೆಯನ್ನು ಪಕ್ಕೆಯಿಂದ ನಾಭಿಯವರೆಗೆ ಬೆರಳುಗಳಿಂದ ಒತ್ತಿ ಒತ್ತಿ ನೋಡಿದರಂತೆ. ನಾಲಗೆ ನೋಡಿದರು, ನಾಡಿ ಹಿಡಿದರು, ಅಂಗಾಲು ತಣ್ಣಗಿರುವುದೋ ಎಂದು ಕೇಳಿದರು. ಬಳಿಕ ಆಧುನಿಕ ರೀತಿಯಲ್ಲಿ ರಕ್ತವನ್ನೂ ಪರೀಕ್ಷಿಸಿದರು. ಏಕೆಂದರೆ ಅಲ್ಲಿ ಕಂಪೋ ಔಷಧವನ್ನು ಬರೆದುಕೊಡುವವರು ಆಧುನಿಕ ವೈದ್ಯಶಾಸ್ತ್ರವನ್ನೇ ಓದಿ ಪರವಾನಗಿ ಪಡೆದ ವೈದ್ಯರು. ಮೇಜಿ ಆಳ್ವಿಕೆಯ ಕಾಲದಲ್ಲಿ ಪಾಶ್ಚಾತ್ಯ ವೈದ್ಯದ ಪರೀಕ್ಷೆಯಾಗದವರಿಗೆ ಪರವಾನಗಿಯಿಲ್ಲವೆಂದು ಸರಕಾರ ವಿಧಿಸಿತು. ಹಳೆಯ ವೈದ್ಯರಿಗೆ ಬೇರೆ ಪರವಾನಗಿ ಬೇಕೆಂಬ ಮಸೂದೆಯು 1895ರಲ್ಲಿ ಅಲ್ಲಿನ ಶಾಸನಸಭೆಯಲ್ಲಿ ಬಿದ್ದುಹೋಯಿತು. ಸತ್ತೇ ಹೋಯಿತೆಂದುಕೊಂಡ ಪದ್ಧತಿಯನ್ನು ಆಧುನಿಕ ವೈದ್ಯರೇ ಕೆಲವರು ಕೈಹಿಡಿದು ಉಳಿಸಿದರು. 1967ರಿಂದ ಅದರ ಯೋಗಗಳು ರಾಷ್ಟ್ರೀಯ ಆರೋಗ್ಯ ವಿಮೆಯೊಳಕ್ಕೆ ಬರತೊಡಗಿ, ಇಂದು ಅವುಗಳ ಸಂಖ್ಯೆ 148 ಆಗಿದೆ.

ನಾನು ನಿವೃತ್ತ ಶಿಕ್ಷಕ. ಒಂದು ವಿಷಯ ಕೈಗೆ ಸಿಕ್ಕಿತೆಂದರೆ ಪಾಠ ಮಾಡದೆ ಇರಲಾರೆ. ಹಲವು ದಿನ ಕುಳಿತು ಓದಿ, ಟಿಪ್ಪಣಿ ಮಾಡಿಕೊಂಡು ಮಾರ್ಚ್ ತಿಂಗಳ ಗೋಷ್ಠಿಗೆ ಬಂದೆನು. ಜಪಾನಿನ ನಾರಾ ಪಟ್ಟಣದ ತೋದಾಯ್ಜಿ ದೇವಾಲಯದಲ್ಲಿ ಷೋಸೋಯಿನ್ ಎಂಬ ಮರದ ಭಂಡಾರವಿದೆ. 756ರಲ್ಲಿ ಅಲ್ಲಿನ ಮಹಾರಾಣಿಯು ಗತಿಸಿದ ಚಕ್ರವರ್ತಿಯ ಸ್ಮರಣಾರ್ಥವಾಗಿ ಮಹಾಬುದ್ಧನಿಗೆ 60 ಬಗೆಯ ಔಷಧದ್ರವ್ಯಗಳನ್ನು ಪಟ್ಟಿಸಹಿತ ಅರ್ಪಿಸಿದಳು. ಆ ಪಟ್ಟಿಯಲ್ಲಿ ಕರಿಮೆಣಸು ಇದೆ. 'ಹಿಪ್ಪತ್ಸು' ಎಂಬ ಹೆಸರಿನಲ್ಲಿ ನಮ್ಮ ಹಿಪ್ಪಲಿ ಇದೆ. 'ಕರಿರೊಕು' ಎಂಬ ಹೆಸರಿನಲ್ಲಿ ನಮ್ಮ ಹರೀತಕಿ, ಎಂದರೆ ಅಳಲೆಕಾಯಿ ಇದೆ. ಬಾದಾಮಿಯ ಚಾಲುಕ್ಯರ ರಾಜ್ಯವು ರಾಷ್ಟ್ರಕೂಟರ ವಶವಾದ ಆಸುಪಾಸಿನ ಕಾಲದಲ್ಲಿ ಭಾರತದ ಅಳಲೆಕಾಯಿಯು ಕಡಲು ದಾಟಿ ಜಪಾನನ್ನು ಮುಟ್ಟಿತ್ತೆಂದು ಹೇಳಿದಾಗ ಸಭೆಯಲ್ಲಿ ಚಪ್ಪಾಳೆಯಾಯಿತು. ನಮ್ಮ ತಿಪ್ಪೆಗಳ ಮೇಲೆ ಬೆಳೆಯುವ ಮದಗುಣಿಕೆಯ ಜಾತಿಯ ಗಿಡವನ್ನು ಮುಖ್ಯ ದ್ರವ್ಯವಾಗಿ ಬಳಸಿ ಹನಾವೊಕಾ ಸೇಷು ಎಂಬ ಜಪಾನೀ ಶಸ್ತ್ರವೈದ್ಯನು 1804ರಲ್ಲಿ ರೋಗಿಗೆ ಪ್ರಜ್ಞೆ ತಪ್ಪಿಸಿ ಸ್ತನದ ಅರ್ಬುದವನ್ನು ತೆಗೆದನೆಂಬುದನ್ನೂ ಹೇಳಿದೆನು. ಆ ಮದ್ದಿನ ಪ್ರಯೋಗಕ್ಕೆ ತನ್ನನ್ನು ಒಡ್ಡಿಕೊಂಡ ಆತನ ಹೆಂಡತಿಯು ಕಣ್ಣು ಕಳೆದುಕೊಂಡಳೆಂಬುದನ್ನು ಮಾತ್ರ, ಟಿಪ್ಪಣಿಯಲ್ಲಿದ್ದರೂ, ಸಮಯವಾಯಿತೆಂದು ಬಿಟ್ಟೆನು.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ನಾನು ಹಿಂತೆಗೆದುಕೊಳ್ಳಬೇಕಾದುದು ಭಾಷಣದ ಕಡೆಯ ವಾಕ್ಯವನ್ನು. "ಗಿಡಮೂಲಿಕೆಯಾದುದರಿಂದ ಇದರಿಂದ ಗುಣವಾಗದಿದ್ದರೂ ಅವಗುಣವಂತೂ ಇಲ್ಲ, ದೀರ್ಘರೋಗದವರು ನಿಶ್ಚಿಂತೆಯಿಂದ ಸೇವಿಸಬಹುದು" ಎಂದು ನಾನು ಮೈಕಿನ ಮುಂದೆ ಹೇಳಿದ್ದೆನು.

ಅಳಿಯನು ಹಿಂದಿರುಗುವಾಗ, "ಮಾವ, ಸೆಳೆತ ಬಂದಾಗ ಮಾತ್ರ ಒಂದು ಕೊಡು" ಎಂದು ಹೇಳಿಯೇ ಹೋಗಿದ್ದನು. ಬಂದಾಗ ಒಂದು ಕೊಟ್ಟರೆ ಇಷ್ಟು ಗುಣವಿರುವಾಗ, ದಿನಕ್ಕೆ ಮೂರು ಕೊಟ್ಟರೆ ಬೇನೆಯ ಬೇರೇ ಕಿತ್ತುಹೋಗಲಾರದೇ ಎಂಬುದು ನನ್ನ ಬುದ್ಧಿವಂತಿಕೆ. ತಂದದ್ದು ಮುಗಿದಾಗ ಅಂಚೆಯಲ್ಲಿ ತರಿಸಿದೆನು. ಏಪ್ರಿಲ್ ಕಳೆಯಿತು. ಅವ್ವನ ಪಾದಗಳು ಕೊಂಚ ಬಾತವು, ಬಿಸಿಲಿನ ಝಳವೆಂದೆವು. ನಡೆಯುವಾಗ ಬೇಗ ದಣಿಯತೊಡಗಿದರು, ವಯಸ್ಸೆಂದೆವು. ನಮ್ಮ ಕಡೆಯ ಮೇ ತಿಂಗಳಿನ ಮೇಲೆ ಯಾವ ಆಪಾದನೆಯನ್ನಾದರೂ ಹೊರಿಸಬಹುದು.

ಒಂದು ಮುಂಜಾನೆ ಮೊಗ್ಗು ಕಟ್ಟಲು ಕುಳಿತವರ ಕೈಯಿಂದ ದಾರ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಎರಡು ಮೊಗ್ಗುಗಳನ್ನು ಬೆರಳಿನ ಸಂದಿಯಲ್ಲಿಟ್ಟು ಗಂಟು ಬಿಗಿಯುವಷ್ಟು ಕಸುವೂ ಆ ಬೆರಳುಗಳಲ್ಲಿ ಇರಲಿಲ್ಲ. ಮೊರದ ಮುಂದೆ ನೆಲದ ಮೇಲೆ ಬಿಡಿಮೊಗ್ಗುಗಳು ಬಿದ್ದಿದ್ದವು. ಅವ್ವ ಅವುಗಳನ್ನು ನೋಡುತ್ತ ಸುಮ್ಮನೆ ಕುಳಿತಿದ್ದರು. ಏಳಿಸಹೋದರೆ ಕಾಲುಗಳು ನಿಲ್ಲಲಿಲ್ಲ.

ಹೊಸಪೇಟೆಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ರಕ್ತದೊತ್ತಡ ಎಂದೂ ಇಲ್ಲದಷ್ಟು ಏರಿತ್ತು, ಹೃದಯದ ಬಡಿತ ತಪ್ಪುತ್ತಿತ್ತು, ರಕ್ತದಲ್ಲಿ 3.5ಕ್ಕಿಂತ ಮೇಲಿರಬೇಕಾದ ಪೊಟ್ಯಾಸಿಯಂ ಲವಣವು 2.4ಕ್ಕೆ ಇಳಿದಿತ್ತು. ಇನ್ನೆರಡು ದಿನ ತಡವಾಗಿದ್ದರೆ ಹೃದಯವೇ ನಿಲ್ಲಬಹುದಾಗಿತ್ತೆಂದು ತರುಣ ವೈದ್ಯರು ಹೇಳಿದರು. ಏನೇನು ಔಷಧಿ ಕೊಡುತ್ತಿದ್ದೀರೆಂದು ಅವರು ಕೇಳಿದಾಗ ನಾನು ರಕ್ತದೊತ್ತಡದ ಗುಳಿಗೆಯ ಹೆಸರು ಹೇಳಿದೆನು. ಬೇರೆ? "ಬೇರೆ ಏನೂ ಇಲ್ಲ" ಎಂದೆನು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಗಿಡಮೂಲಿಕೆಯು ನನ್ನ ಲೆಕ್ಕದಲ್ಲಿ ಔಷಧಿಯಾಗಿರಲೇ ಇಲ್ಲ. ನನ್ನ ಮಡದಿಯೇ ಹಿಂದಿನಿಂದ, "ಆ ಜಪಾನಿನ ಪುಡಿ ಹೇಳ್ರಿ" ಎಂದಳು.

ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಸತ್ತ್ವವೊಂದಿದೆ. ಅದು ಹೆಚ್ಚಾಗಿ ದೇಹವನ್ನು ಸೇರಿದಾಗ ಮೂತ್ರಪಿಂಡದಲ್ಲಿನ ಒಂದು ಕಿಣ್ವದ ಕೆಲಸವನ್ನು ತಡೆಯುತ್ತದೆ. ಆಗ ಉಪ್ಪನ್ನೂ ನೀರನ್ನೂ ಹಿಡಿದಿಡು, ಪೊಟ್ಯಾಸಿಯಂ ಅನ್ನು ಹೊರಗೆ ಹಾಕು ಎಂಬ ಆಜ್ಞೆಯು ದೇಹದೊಳಗೆ ಎಡೆಬಿಡದೆ ನಡೆಯುತ್ತಿರುತ್ತದೆ. ಪಾದ ಬಾಯುತ್ತದೆ, ಒತ್ತಡ ಏರುತ್ತದೆ, ಸ್ನಾಯುಗಳು ಸೋಲುತ್ತವೆ. ಅವ್ವ ನುಂಗುತ್ತಿದ್ದ ರಕ್ತದೊತ್ತಡದ ಗುಳಿಗೆಯು ಮೂತ್ರವನ್ನು ಹೆಚ್ಚಿಸುವ ಜಾತಿಯದು. ಅದೂ ಪೊಟ್ಯಾಸಿಯಂ ಅನ್ನೇ ಕಳೆಯುವಂಥದು. ಇನ್ನೊಂದು ವಿಪರ್ಯಾಸವನ್ನು ಕೇಳಿರಿ: ಪೊಟ್ಯಾಸಿಯಂ ತಗ್ಗಿದರೆ ಮೊದಲು ಕಾಣುವ ಲಕ್ಷಣಗಳಲ್ಲಿ ಕಾಲಿನ ಸೆಳೆತವೂ ಒಂದು. ಏಪ್ರಿಲ್ ಕೊನೆಯಲ್ಲಿ ಸೆಳೆತ ಮರಳಿ ಬಂದಿತ್ತು. ಪುಡಿ ಸಾಲದೆಂದು ತಿಳಿದು ನಾನು ರಾತ್ರಿ ಒಂದನ್ನು ಹೆಚ್ಚಿಸಿದ್ದೆನು.

ಆಸ್ಪತ್ರೆಯ ವರಾಂಡದಲ್ಲಿ ಕುಳಿತು ಅಳಿಯನಿಗೆ ದೂರವಾಣಿ ಮಾಡಿದೆನು. ಪೆಟ್ಟಿಗೆಯೊಳಗೆ ಮಡಿಸಿಟ್ಟಿದ್ದ ಕಾಗದದ ಚಿತ್ರವನ್ನು ಕಳುಹಿಸಿದಾಗ ಅವನು ಸಾಲುಸಾಲಾಗಿ ಓದಿ ಹೇಳಿದನು. ಪೊಟ್ಯಾಸಿಯಂ ಕಡಿಮೆಯಿದ್ದವರು ಸೇವಿಸಕೂಡದು. ಮುದುಕರಿಗೆ ಎಚ್ಚರಿಕೆ. ಮೂತ್ರವರ್ಧಕ ಗುಳಿಗೆಗಳೊಡನೆ ಎಚ್ಚರಿಕೆ. ಜ್ಯೇಷ್ಠಮಧುವಿರುವ ಬೇರೆ ಔಷಧಗಳೊಡನೆ ಎಚ್ಚರಿಕೆ. ದಿನಕ್ಕೆ ಎರಡೂವರೆ ಗ್ರಾಮಿಗಿಂತ ಹೆಚ್ಚು ಜ್ಯೇಷ್ಠಮಧು ಸೇರುವ ಔಷಧಗಳ ಮೇಲೆ ಇಂಥ ಎಚ್ಚರಿಕೆಗಳನ್ನು ಮುದ್ರಿಸಬೇಕೆಂದು ಅಲ್ಲಿ 1970ರ ದಶಕದಿಂದಲೇ ನಿಯಮವಿದೆ. ಅವ್ವನಿಗೆ ಈ ಪುಡಿಯ ಮೂಲಕವೇ ನಿತ್ಯ ಆರು ಗ್ರಾಮು ಸೇರುತ್ತಿತ್ತು, ಕಡೆಗೆ ಎಂಟು. ಎಲ್ಲವೂ ಆ ಕಾಗದದಲ್ಲಿತ್ತು, ಜಪಾನೀ ಲಿಪಿಯಲ್ಲಿ. ಮೂರು ತಿಂಗಳು ಅದು ನಮ್ಮ ಗೋಡೆಯ ಗೂಡಿನಲ್ಲೇ ಇತ್ತು. ಫೋನಿನ ಆ ತುದಿಯಲ್ಲಿ ಹುಡುಗನು ಅಳುತ್ತಿದ್ದನು. ತಪ್ಪು ಅವನದಲ್ಲವೆಂದು ನಾನು ಹೇಳಿದ್ದು ಸಮಾಧಾನಕ್ಕಾಗಿ ಅಲ್ಲ.

ಶ್ರೀಮಠದ ಹಳೆಯ ವಿದ್ಯಾರ್ಥಿಗಳಿಗೆ ನನ್ನ ತಪ್ಪಿನ ಆಳವು ಬೇಗನೆ ತಿಳಿದೀತು. 1966ರಿಂದ ನಾಲ್ಕು ವರ್ಷ ನಾನು ಪ್ರಸಾದ ನಿಲಯದಲ್ಲಿದ್ದೆನು. ಅಂದಿನ ಹಿರಿಯ ಬುದ್ಧಿಯವರು ಸೋಮವಾರ ಮತ್ತು ಗುರುವಾರ ಹೊರ ಅಂಗಳದಲ್ಲಿ ಔಷಧಿ ಕೊಡುತ್ತಿದ್ದರು. ಉಬ್ಬಸ, ಸಂಗ್ರಹಣಿ, ಹಳೆಯ ಹುಣ್ಣು, ಕೀಲುಬೇನೆ ಹೊತ್ತವರು ಹೊಳಲು, ಹಿರೇಹಡಗಲಿ, ಮಾಗಳದ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವರು. ಅಳಲೆ, ತಾರೆ, ನೆಲ್ಲಿಯನ್ನು ಒರಳಿನಲ್ಲಿ ಕುಟ್ಟಿ ಬಟ್ಟೆಯಲ್ಲಿ ಸೋಸುವ ಕೆಲಸ ನನ್ನದು. ಮುಖವೆಲ್ಲ ಪುಡಿ ಮೆತ್ತಿ, ತುಟಿ ನೆಕ್ಕಿದರೆ ಒಗರು. ಒಮ್ಮೆ ಒಬ್ಬ ಗೌಡರು ತಮ್ಮ ತಾಯಿಯ ಉಬ್ಬಸಕ್ಕೆ ಔಷಧಿ ಒಯ್ಯಲು ತಾವೇ ಬಂದರು. ಬುದ್ಧಿಯವರು ಕೊಡಲಿಲ್ಲ. ಹೋದ ಸಲದ್ದೇ ಸಾಕು, ಅದೇ ರೋಗ ಎಂದು ಗೌಡರು ಅಂಗಲಾಚಿದರು. "ರೋಗ ಅದೇ ಇರಬಹುದಪ್ಪಾ, ನಿಮ್ಮ ತಾಯಿ ಅದೇ ಇದ್ದಾರೇನು? ಮಳೆಗಾಲ ಹೋಗಿ ಚಳಿಗಾಲ ಬಂತು. ಏನುಣ್ಣುತ್ತಾರೆ, ಎಷ್ಟು ಮಲಗುತ್ತಾರೆ, ನಾನು ನೋಡಬೇಕಲ್ಲ" ಎಂದರು. ಗೌಡರು ಸಿಟ್ಟಿನಿಂದ ಎದ್ದುಹೋದರು. ಮರುವಾರ ತಾಯಿಯನ್ನು ಕರೆತಂದರು. ನಾನು ಒರಳಿನ ಬಳಿಯೇ ಇದ್ದು ಕೇಳಿದ ಮಾತು ಅದು. ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯವೃತ್ತಿಯ ವಚನಕಾರನಿದ್ದನೆಂಬುದನ್ನು ನಾನು ಮೊದಲು ತಿಳಿದದ್ದೂ ಆ ಅಂಗಳದಲ್ಲಿಯೇ.

ನಗೋಯಾದ ವೈದ್ಯರು ನನ್ನ ಅಳಿಯನ ಹೊಟ್ಟೆಯನ್ನು ಒತ್ತಿ ನೋಡಿದ್ದಕ್ಕೂ ಬುದ್ಧಿಯವರು ಆ ತಾಯಿಯನ್ನು ಕರೆಸಿ ನೋಡಿದ್ದಕ್ಕೂ ಏನು ಭೇದ? ಗೋಷ್ಠಿಯಲ್ಲಿ ನಾನು ಹೊಟ್ಟೆ ಒತ್ತಿದ ಕಥೆಯನ್ನು ಹೇಳಿ ಜನರನ್ನು ನಗಿಸಿದ್ದೆನು. ಆ ಪದ್ಧತಿಯ ಜೀವವು ಅಲ್ಲಿದೆಯೆಂಬುದು ನನಗೆ ಹೊಳೆದಿರಲಿಲ್ಲ. ಒಬ್ಬನನ್ನು ನೋಡಿ ಕೊಟ್ಟ ಔಷಧವನ್ನು ಇನ್ನೊಬ್ಬರಿಗೆ, ಒಂದು ಅಳತೆಯದನ್ನು ಇನ್ನೊಂದು ಅಳತೆಯಲ್ಲಿ ಕೊಟ್ಟು ಅದನ್ನು ಕಂಪೋ ಎಂದು ಕರೆದೆನು.

ಅವ್ವ ಹನ್ನೊಂದು ದಿನಗಳ ಮೇಲೆ ಮನೆಗೆ ಬಂದರು. ಬಳ್ಳಾರಿಯ ತಾರಾನಾಥ ಆಯುರ್ವೇದ ಕಾಲೇಜಿನಲ್ಲಿ ಓದಿ, ಸೇವೆಯಿಂದ ನಿವೃತ್ತರಾದ ವೈದ್ಯರೊಬ್ಬರ ಬಳಿಗೆ ನಾನು ಹೋದೆನು. ರಾಯಚೂರಿನಲ್ಲಿ ಹಮದರ್ದ್ ಶಾಲೆಯನ್ನೂ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನವನ್ನೂ ಕಟ್ಟಿ, ಆಯುರ್ವೇದದಿಂದ ಜನರಿಗೆ ಚಿಕಿತ್ಸೆ ಮಾಡುತ್ತ 1942ರಲ್ಲಿ ತೀರಿಕೊಂಡ ಪಂಡಿತ ತಾರಾನಾಥರ ಹೆಸರನ್ನು ಹೊತ್ತ ಕಾಲೇಜದು. ವೈದ್ಯರು ಔಷಧಿ ಕೊಡಲಿಲ್ಲ. ಬಿಳಿಹಾಳೆಯೊಂದನ್ನು ಕೊಟ್ಟು, ಆಸ್ಪತ್ರೆಗೆ ಸೇರುವ ಮೊದಲು ತಾಯಿಯವರ ಬಾಯಿಗೆ ದಿನವೊಂದಕ್ಕೆ ಏನೇನು ಹೋಗುತ್ತಿತ್ತೋ ಎಲ್ಲವನ್ನೂ ಬರೆದು ತನ್ನಿರೆಂದರು. ಮನೆಯ ಹೆಂಗಸರನ್ನು ಕೇಳಿ ಬರೆಯಹೊರಟರೆ ಹಾಳೆಯ ಎರಡೂ ಬದಿ ತುಂಬಿತು. ಹನ್ನೊಂದು ಬಾಬುಗಳು. ಅವುಗಳಲ್ಲಿ ಜ್ಯೇಷ್ಠಮಧುವೊಂದೇ ನಾಲ್ಕು ಕಡೆ ಇತ್ತು: ಜಪಾನಿನ ಪುಡಿಯಲ್ಲಿ, ಮುಂಜಾನೆಯ ಕಷಾಯದಲ್ಲಿ, ಕೆಮ್ಮಿಗೆಂದು ಸೆರಗಿನ ಗಂಟಿನಲ್ಲಿಟ್ಟುಕೊಂಡು ಅಗಿಯುತ್ತಿದ್ದ ಕಡ್ಡಿಯಲ್ಲಿ, ಮಲಬದ್ಧತೆಗೆಂದು ರಾತ್ರಿ ನುಂಗುತ್ತಿದ್ದ ಸ್ವಾದಿಷ್ಟ ವಿರೇಚನ ಚೂರ್ಣದಲ್ಲಿ. ಆ ಚೂರ್ಣದಿಂದ ಭೇದಿಯಾದಾಗ ಕಳೆದುಹೋಗುವುದೂ ಅದೇ ಪೊಟ್ಯಾಸಿಯಂ ಎಂದು ವೈದ್ಯರು ತೋರಿಸಿಕೊಟ್ಟರು. ಒಂದೊಂದೂ ಬೇರೆ ಬೇರೆ ವರ್ಷ, ಬೇರೆ ಬೇರೆಯವರ ಸಲಹೆಯಿಂದ ಮನೆಯನ್ನು ಹೊಕ್ಕಿತ್ತು. ಒಟ್ಟಿಗೆ ಎಣಿಸಿದವರು ಯಾರೂ ಇರಲಿಲ್ಲ.

ಇಷ್ಟರಿಂದ ನಾನು ಗಿಡಮೂಲಿಕೆಗಳ ವೈರಿಯಾಗಿದ್ದೇನೆಂದು ಯಾರೂ ತಿಳಿಯಬಾರದು. ಅವ್ವನಿಗೆ ಮೊದಲ ವಾರ ದೊರೆತ ನಿದ್ರೆ ಸುಳ್ಳಲ್ಲ. ಆದರೆ ಹತ್ತು ವರ್ಷದ ಬೇನೆಯನ್ನು ಐದು ನಿಮಿಷದಲ್ಲಿ ಬಿಡಿಸಬಲ್ಲ ಬೇರು ಬರಿಯ ಬೇರಲ್ಲ. ಜಪಾನೀಯರೂ ಇದನ್ನು ಕಷ್ಟಪಟ್ಟೇ ಕಲಿತರು. ಯಕೃತ್ತಿನ ಹಳೆಯ ಉರಿಯೂತಕ್ಕೆಂದು ಅಲ್ಲಿ ಬಹು ಜನ ಸೇವಿಸುತ್ತಿದ್ದ 'ಷೋಸಾಯ್ಕೋತೋ' ಎಂಬ ಯೋಗದಿಂದ ಶ್ವಾಸಕೋಶಕ್ಕೆ ಏಟು ಬಿದ್ದು ಹತ್ತು ಮಂದಿ ಸತ್ತರೆಂದು 1996ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯು ತುರ್ತು ಎಚ್ಚರಿಕೆ ಹೊರಡಿಸಿತು. ಮುಚ್ಚಿಡಲಿಲ್ಲ; ಎಣಿಸಿದರು, ಮುದ್ರಿಸಿದರು, ಪೆಟ್ಟಿಗೆಯೊಳಗೆ ಮಡಿಸಿ ಇಟ್ಟರು. ನಮ್ಮ ಹಿರಿಯರಿಗೂ ಇದು ತಿಳಿಯದ ವಿಷಯವಲ್ಲ. ವತ್ಸನಾಭಿಯನ್ನು ಶುದ್ಧಿ ಮಾಡದೆ ಯಾವ ಪಂಡಿತನೂ ಔಷಧಕ್ಕೆ ಸೇರಿಸುತ್ತಿರಲಿಲ್ಲ. ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯಕ್ಕಾಗಿಯೇ 'ಖಗೇಂದ್ರಮಣಿದರ್ಪಣ'ವನ್ನು ಬರೆದನು. ಗಿಡಮೂಲಿಕೆಯಲ್ಲಿ ಅವಗುಣವಿಲ್ಲವೆಂಬ ಮಾತನ್ನು ನಾನು ಯಾವ ಹಳೆಯ ಗ್ರಂಥದಿಂದಲೂ ಕಲಿತಿರಲಿಲ್ಲ. ಎಲ್ಲರೂ ಹೇಳುತ್ತಾರೆಂದು ನಾನೂ ಹೇಳಿದೆನು.

ಕೊಟ್ಟೂರಿನ ಗೆಳೆಯರಿಗೆ ನನ್ನ ಉತ್ತರವಿಷ್ಟೆ: ಅದರ ಹೆಸರನ್ನು ನಾನು ಬರೆದು ಕಳುಹಿಸುವುದಿಲ್ಲ. ತಂಗಿಯವರನ್ನು ಕರೆದುಕೊಂಡು ಬನ್ನಿರಿ. ಜೊತೆಗೆ ಅವರ ಬಾಯಿಗೆ ಹೋಗುವುದೆಲ್ಲದರ ಪಟ್ಟಿಯನ್ನೂ ತನ್ನಿರಿ. ನಾನೇ ವೈದ್ಯರ ಬಳಿಗೆ ಕರೆದೊಯ್ಯುತ್ತೇನೆ.

ಅವ್ವ ಆಮೇಲೆ ಮೂರು ವರ್ಷ ಬದುಕಿದ್ದರು. ಪಟ್ಟಿಯ ಹನ್ನೊಂದು ಬಾಬುಗಳು ನಾಲ್ಕಕ್ಕೆ ಇಳಿದವು. ರಕ್ತದೊತ್ತಡದ ಗುಳಿಗೆಯನ್ನು ಆಸ್ಪತ್ರೆಯವರು ಬದಲಿಸಿದರು. ಬೆರಳುಗಳಿಗೆ ಕಸುವು ಮರಳಿತು, ಹಿಂದಿನ ವೇಗ ಬರಲಿಲ್ಲ. ಸೆಳೆತ ಪೂರ್ತಿ ಹೋಗಲಿಲ್ಲ. ವಾರಕ್ಕೆ ಒಂದೆರಡು ರಾತ್ರಿ ಬರುತ್ತಿತ್ತು. ಬಂದಾಗ ಮಂಡಿಯನ್ನು ನೇರಮಾಡಿ ಪಾದವನ್ನು ಮೊಣಕಾಲಿನ ಕಡೆಗೆ ಬಗ್ಗಿಸಿ ಹಿಡಿಯಬೇಕೆಂದು ವೈದ್ಯರು ಕಲಿಸಿಕೊಟ್ಟಿದ್ದರು. ನಾನು ಅವರ ಕಾಲದೆಸೆಯಲ್ಲಿಯೇ ಹಾಸಿಗೆ ಹಾಕಿಕೊಳ್ಳುತ್ತಿದ್ದೆನು. ಕತ್ತಲಲ್ಲಿ ಪಾದವನ್ನು ಎರಡೂ ಕೈಗಳಿಂದ ಹಿಡಿದು ಕುಳಿತಿರುವಾಗ ಅವ್ವ ಒಮ್ಮೊಮ್ಮೆ ಕೇಳುವರು:

"ಆ ಸಿಹಿ ಪುಡಿ ಮುಗದೇ ಹೋತೇನೋ?"

"ಮುಗೀತವ್ವಾ" ಎನ್ನುತ್ತಿದ್ದೆನು. ಅರ್ಧ ಪೆಟ್ಟಿಗೆ ಅಟ್ಟದ ಮೇಲೆಯೇ ಇತ್ತು.